ದಾರಿಯಲ್ಲಿ ಆಫ್ ಆಗುವ, ನಿಂತಲ್ಲಿ ತೊಟ್ಟಿಕ್ಕುವ ಹಳೆಯ ಜೀಪು: ದೋಷ ಹುಡುಕುವ ಕ್ರಮ

ನನ್ನ ಜೀಪಿನ ಹಿಂದಿನ ಆಕ್ಸಲ್‌ನ ಪಿನಿಯನ್ ಆಯಿಲ್ ಸೀಲನ್ನು (ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ಬಳೆ) ಒಂದೇ ವರ್ಷದಲ್ಲಿ ಎರಡು ಸಲ ಬದಲಿಸಿದೆ. ಮೊದಲ ಸಲ ಸೀಲ್ ಹಳೆಯದಾಗಿದೆ ಅಂದುಕೊಂಡೆ. ಎರಡನೇ ಸಲ ಹೊಸ ಸೀಲೇ ಕಳಪೆ ಅಂದುಕೊಂಡೆ. ಮೂರನೇ ಸಲ ಅದೇ ಜಾಗ ಒದ್ದೆಯಾದಾಗ, ಆಕ್ಸಲ್ ಕೊಳವೆಯ ಮೇಲೆ ಕೂತಿದ್ದ ಬೆರಳ ತುದಿಯಷ್ಟು ದೊಡ್ಡ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ಕಿಂಡಿ, ಕಣ್ಣಿಗೆ ಬಿತ್ತು. ಅದರ ಸುತ್ತ ಕೆಸರು ಒಣಗಿ ಕಲ್ಲಾಗಿತ್ತು. ಬಿಚ್ಚಿದೊಡನೆ ಒಳಗಿನಿಂದ ‘ಪುಸ್’ ಎಂದು ಗಾಳಿ ಬಂತು. ಸೀಲಿನ ತಪ್ಪು ಏನೂ ಇರಲಿಲ್ಲ. ಓಡಿ ಬಿಸಿಯಾದ ಆಕ್ಸಲ್ ಒಳಗಿನ ಗಾಳಿ ಹಿಗ್ಗಿ, ಹೊರಗೆ ಹೋಗುವ ದಾರಿ ಕಾಣದೆ, ಎಣ್ಣೆಯನ್ನು ತಳ್ಳಿಕೊಂಡು ಸೀಲಿನ ಸಂದಿಯಿಂದ ಬರುತ್ತಿತ್ತು.

ಅಂದಿನಿಂದ ಆಫ್ ಆಗುವುದಿರಲಿ, ಸೋರುವುದಿರಲಿ, ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಗಾಳಿ ಎಲ್ಲಿ ಕಟ್ಟಿಕೊಂಡಿದೆ, ಎಲ್ಲಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ? ಟ್ಯಾಂಕಿನ ಮುಚ್ಚಳ, ಡೀಸೆಲ್ ಪೈಪು, ಕಾರ್ಬುರೇಟರ್ ಕೆಳಗಿನ ಪ್ಯಾಕಿಂಗ್, ಎಂಜಿನ್ನಿನ ಬ್ರೀದರ್, ಆಕ್ಸಲ್ಲಿನ ಬ್ರೀದರ್, ನಿರ್ವಾತದ ಬಲದಿಂದ ಬ್ರೇಕ್ ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್ ಎಲ್ಲ ಉಸಿರಾಟದ ಜಾಗಗಳೇ. ಎಲ್ಲ ದೋಷವೂ ಇಲ್ಲೇ ಇರುತ್ತದೆ ಎಂದಲ್ಲ. ಆದರೆ ಇವನ್ನು ನೋಡಲು ಬೇಕಾದ್ದು ಒಂದು ಸ್ಪ್ಯಾನರ್ ಮತ್ತು ಅರ್ಧ ಗಂಟೆ. ಗೇರ್‌ಬಾಕ್ಸ್ ಇಳಿಸುವ ಮುನ್ನ ಅಷ್ಟು ಸಮಯ ಕೊಡಬಹುದು.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

‘ಗಾಡಿ ಆಫ್ ಆಗ್ತದೆ’ ಎಂದಷ್ಟೇ ಹೇಳಿದರೆ ಯಾವ ಮೆಕ್ಯಾನಿಕ್ಕಿಗೂ ಏನೂ ತಿಳಿಯುವುದಿಲ್ಲ. ಯಾವಾಗ ಆಫ್ ಆಯಿತು ಎಂದು ಬರೆದಿಡಿ. ತಣ್ಣಗಿದ್ದಾಗಲೋ, ಇಪ್ಪತ್ತು ನಿಮಿಷ ಓಡಿದ ಮೇಲೋ? ಏರು ಹತ್ತುವಾಗಲೋ, ಬ್ರೇಕ್ ಒತ್ತಿದಾಗಲೋ, ಹಳ್ಳ ದಾಟಿದ ಮೇಲೋ? ಟ್ಯಾಂಕಿನಲ್ಲಿ ಎಷ್ಟು ಇಂಧನವಿತ್ತು? ಎಲ್ಲಕ್ಕಿಂತ ಮುಖ್ಯವಾಗಿ, ಆಫ್ ಆದ ರೀತಿ ಹೇಗಿತ್ತು? ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಂತರೆ ಅನುಮಾನ ಕರೆಂಟಿನ ಮೇಲೆ. ಜರ್ಕ್ ಹೊಡೆದು, ಮುಕ್ಕರಿಸಿ, ಆಕ್ಸಿಲರೇಟರ್ ಒತ್ತಿದರೂ ಎಳೆಯದೆ ನಿಧಾನಕ್ಕೆ ಪ್ರಾಣ ಬಿಟ್ಟರೆ ಅನುಮಾನ ಇಂಧನದ ಮೇಲೆ. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಹಾಗೆಯೇ ಚೇಂಬರಿನ (ಎಂಜಿನ್ ಅಡಿಯ ತೊಟ್ಟಿಯ) ಎಣ್ಣೆ, ಕೂಲಂಟ್, ಬ್ರೇಕ್ ದ್ರವ ಇವುಗಳ ಮಟ್ಟವನ್ನು ಸಮತಟ್ಟು ನೆಲದಲ್ಲಿ ನೋಡಿ ಬರೆದಿಡಿ. ಮಟ್ಟ ಇಳಿದಿದೆಯೇ ಎಂದು ಮಾತ್ರವಲ್ಲ, ಏರಿದೆಯೇ ಎಂದೂ ನೋಡಬೇಕು. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಪೆಟ್ರೋಲ್ ಗಾಡಿ: ಆಫ್ ಆದ ಮೊದಲ ಎರಡು ನಿಮಿಷ

ಬಿಸಿಯಾದ ಮೇಲೆ ಆಫ್ ಆಗಿ, ಕಾಲು ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಗಾಡಿಯೇ ಜನರನ್ನು ಹೆಚ್ಚು ಗೋಳು ಹುಯ್ದುಕೊಳ್ಳುವುದು. ಹೀಗೆ ಮಾಡುವ ಕಳ್ಳರು ಕನಿಷ್ಠ ಮೂವರು. ಗಾಳಿರಂಧ್ರ ಕಟ್ಟಿದ ಟ್ಯಾಂಕಿನ ಮುಚ್ಚಳ ಒಬ್ಬ. ಅಲ್ಲಿ ಕಾಯುವಾಗ ಗಾಳಿ ಮೆಲ್ಲಗೆ ಒಳಗೆ ಜಿನುಗಿ ನಿರ್ವಾತ ಕಡಿಮೆಯಾಗುತ್ತದೆ. ಬಿಸಿಗೆ ಒಳಸುತ್ತು ಕೈಕೊಡುವ ಇಗ್ನಿಷನ್ ಕಾಯಿಲ್ ಇನ್ನೊಬ್ಬ. ಅದು ತಣಿದ ಮೇಲೆ ಮತ್ತೆ ಸರಿಯಾಗುತ್ತದೆ. ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗಿ ಹರಿವು ನಿಲ್ಲುವುದು ಮೂರನೆಯದು. ಆವಿ ಮತ್ತೆ ದ್ರವವಾದರೆ ಗಾಡಿ ಓಡುತ್ತದೆ. ಕಾದು ಕೂತರೆ ಮೂವರೂ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ಆಫ್ ಆದ ಕೂಡಲೇ, ಗಾಡಿಯನ್ನು ಬದಿಗೆ ತಂದು, ಇಷ್ಟು ಮಾಡಿ.

ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಿವಿಗೊಡಿ. ಗಾಳಿ ಒಳಗೆ ಎಳೆದುಕೊಳ್ಳುವ ಜೋರು ಶಬ್ದ ಬಂದು, ಆಮೇಲೆ ಎಂಜಿನ್ ಸಲೀಸಾಗಿ ಓಡಿದರೆ ಕಳ್ಳ ಸಿಕ್ಕ. ಹಳೆಯ ಗಾಡಿಗೆ ಗಾಳಿರಂಧ್ರವಿಲ್ಲದ ಬೇರೆ ಮುಚ್ಚಳ ಹಾಕಿರುವುದೂ ಉಂಟು.

ಶಬ್ದ ಬರಲಿಲ್ಲವೇ? ಏರ್ ಕ್ಲೀನರ್ ತೆಗೆದು, ಎಂಜಿನ್ ತಿರುಗದಿರುವಾಗ, ಕಾರ್ಬುರೇಟರ್ ಬಾಯಿಯನ್ನು ಟಾರ್ಚ್ ಹಿಡಿದು ನೋಡುತ್ತ ಥ್ರಾಟಲನ್ನು ಕೈಯಿಂದ ಎಳೆಯಿರಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಸಣ್ಣ ಪಿಚಕಾರಿಯಂತೆ ಚಿಮ್ಮಬೇಕು. ಚಿಮ್ಮಿದರೆ ಕಾರ್ಬುರೇಟರಿನ ಫ್ಲೋಟ್ (ತೇಲುಬುರುಡೆ) ಬಟ್ಟಲಿನಲ್ಲಿ ಪೆಟ್ರೋಲ್ ಇದೆ, ಮುಂದೆ ಕರೆಂಟ್ ನೋಡಿ. ಚಿಮ್ಮದಿದ್ದರೆ ಪಂಪ್ ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ. ಅಷ್ಟಕ್ಕೇ ಜೀವ ಬಂದರೆ ಆವಿಯದ್ದೇ ತೊಂದರೆ; ಪೈಪು ಸೈಲೆನ್ಸರಿನ ಹತ್ತಿರ ಹಾಯ್ದಿದೆಯೇ, ತಡೆತಗಡು ಕಳಚಿಹೋಗಿದೆಯೇ ನೋಡಿ. ಬಟ್ಟೆಗೂ ಬಗ್ಗದಿದ್ದರೆ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಪಂಪು, ಈ ಕ್ರಮದಲ್ಲಿ ಹಿಂದಕ್ಕೆ ಹುಡುಕಿ. ಹಳೆಯ ಟ್ಯಾಂಕಿನ ತುಕ್ಕು ಓಡುವಾಗ ಜಾಲರಿಗೆ ಅಂಟಿ, ನಿಂತಾಗ ಕಳಚಿ ಕೆಳಗೆ ಬೀಳುತ್ತದೆ. ಇದೂ ‘ಕಾದರೆ ಸರಿಹೋಗುವ’ ಜಾತಿಯದೇ.

ಕಿಡಿ ನೋಡುವಾಗ ಪೆಟ್ರೋಲ್ ಚೆಲ್ಲಿರುವ ಕಡೆ ನೋಡಬೇಡಿ. ಬಿಡಿ ಪ್ಲಗ್ಗೊಂದನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತಿಟ್ಟು ಸೆಲ್ಫ್ ಹೊಡೆಯಿರಿ. ಕೈಯಲ್ಲಿ ಹಿಡಿಯುವುದು ಬೇಡ. ಗಟ್ಟಿಯಾದ ನೀಲಿ ಕಿಡಿ ಬೇಕು. ತೆಳ್ಳಗಿನ ಹಳದಿ ಕಿಡಿ ಬಂದರೆ, ಅಥವಾ ಕಿಡಿಯೇ ಇಲ್ಲದಿದ್ದರೆ, ಈಗ ಒದ್ದೆ ಬಟ್ಟೆಯನ್ನು ಕಾಯಿಲಿಗೆ ಸುತ್ತಿ. ತಣಿದೊಡನೆ ಕಿಡಿ ಮರಳಿದರೆ ಕಾಯಿಲ್ ಬದಲಿಸಿ. ಬದಲಿಸುವ ಮುನ್ನ ಒಂದು ಎಚ್ಚರ: ಬ್ಯಾಲಾಸ್ಟ್ ರೆಸಿಸ್ಟರ್ (ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ತುಣುಕು) ಜೊತೆ ಬಳಸುವ ಕಾಯಿಲಿನ ಪ್ರೈಮರಿ, ಅಂದರೆ ಮೊದಲ ಸುತ್ತು, ಸುಮಾರು 1.5 ಓಮ್ ಇರುತ್ತದೆ, ರೆಸಿಸ್ಟರ್ ಬೇಡದ 12 ವೋಲ್ಟ್ ಕಾಯಿಲಿನದು ಸುಮಾರು 3 ಓಮ್. ಮೊದಲನೆಯದನ್ನು ರೆಸಿಸ್ಟರ್ ಇಲ್ಲದೆ ಹಾಕಿದರೆ ಹೊಸ ಕಾಯಿಲೂ ಕಾದು ಕಾದು ಸಾಯುತ್ತದೆ, ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟೂ ಸುಡುತ್ತದೆ.

ಸೆಲ್ಫ್ ಹೊಡೆಯುವಾಗ ಎಂಜಿನ್ ಹತ್ತಿಕೊಂಡು, ಕೀ ಬಿಟ್ಟ ಕ್ಷಣವೇ ಆರಿದರೆ ಬೇರೆಲ್ಲೂ ಹುಡುಕಬೇಡಿ. ಬ್ಯಾಲಾಸ್ಟ್ ರೆಸಿಸ್ಟರ್, ಅದರ ವೈರ್, ಇಲ್ಲವೇ ಇಗ್ನಿಷನ್ ಸ್ವಿಚ್ಚಿನ ‘ರನ್’ ಸ್ಥಾನದ ತೊಂದರೆ ಅದು. ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಕರೆಂಟ್ ಬೇರೆ ದಾರಿಯಿಂದ ಬರುತ್ತದೆ.

ಪಾಯಿಂಟಿನ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ತಾನಾಗಿ ಮುಚ್ಚುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಅದು 0.35ರಿಂದ 0.5 ಮಿ.ಮೀ. ನಡುವೆ ಇರಬೇಕು, ನಿಖರ ಅಳತೆಗೆ ಕೈಪಿಡಿ ನೋಡಿ. ಹಳ್ಳ ದಾಟಿದ ಮೇಲೆ ಆಫ್ ಆಗುವ ಗಾಡಿಗೆ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗೆ ಒರೆಸಿ, ಕೂದಲೆಳೆಯಂಥ ಕಪ್ಪು ಬಿರುಕಿದೆಯೇ ನೋಡಿ. ಕತ್ತಲಾದ ಮೇಲೆ ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ನವಿರಾಗಿ ನೀರು ಸಿಂಪಡಿಸಿದರೆ ಕರೆಂಟ್ ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ ಎಂದು ಕಿಡಿಗಳೇ ತೋರಿಸುತ್ತವೆ. ನೋಡಲು ಚಂದ, ಮುಟ್ಟಲು ಅಲ್ಲ.

ಇದೆಲ್ಲದರ ಜೊತೆಗೆ ಅರ್ಥ್. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವಿನ ಪಟ್ಟಿ ತುಂಡಾದರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ಚೋಕ್ ಕೇಬಲ್ ಬಿಸಿಯಾಗುವುದು ಇದರ ಪಕ್ಕಾ ಗುರುತು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ ಮೈಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.2–0.3 ವೋಲ್ಟ್ ದಾಟಿದರೆ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಿರಿ.

ಇಂಜೆಕ್ಷನ್ ಇರುವ ತುಸು ಈಚಿನ ಗಾಡಿಯಾದರೆ ಕಾರ್ಬುರೇಟರಿನ ಮಾತು ಬಿಟ್ಟು, ಬಿಸಿಗೆ ಕೈಕೊಡುವ ಕ್ರ್ಯಾಂಕ್ ಸೆನ್ಸರನ್ನು (ಎಂಜಿನ್ ತಿರುಗುವುದನ್ನು ಗಮನಿಸುವ ಸಾಧನ) ಮೊದಲು ಅನುಮಾನಿಸಿ.

ಏರಿನಲ್ಲಿ, ಇಳಿಜಾರಿನಲ್ಲಿ ಮಾತ್ರ ಆಫ್

ಇದು ರಸ್ತೆ ಕಾರಿನವರಿಗೆ ಬಾರದ ಕಾಯಿಲೆ. ಕಡಿದಾದ ಏರಿನಲ್ಲಿ ಟ್ಯಾಂಕಿನ ಇಂಧನ ಒಂದು ಮೂಲೆಗೆ ಸರಿಯುತ್ತದೆ. ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದರೆ ಎಳೆಯುವ ಕೊಳವೆಯ ಬಾಯಿ ಬರಿದಾಗಿ ಗಾಳಿ ಹೀರುತ್ತದೆ. ಟ್ಯಾಂಕ್ ತುಂಬಿಸಿ ಅದೇ ಏರು ಹತ್ತಿ ನೋಡುವುದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಆಗಲೂ ಆಫ್ ಆದರೆ ಫ್ಲೋಟ್ ನೋಡಬೇಕು. ವಾಲಿದಾಗ ಬಟ್ಟಲಿನ ಪೆಟ್ರೋಲ್ ಓರೆಯಾಗಿ, ಒಂದೋ ಜೆಟ್ಟಿಗೆ ಸಿಗುವುದಿಲ್ಲ, ಇಲ್ಲವೇ ಉಕ್ಕಿ ಒಳಗೆ ಸುರಿಯುತ್ತದೆ. ಆಫ್ ಆದಾಗ ಪೆಟ್ರೋಲ್ ವಾಸನೆ ಗಾಢವಾಗಿದ್ದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಕಪ್ಪು ಹೊಗೆಯೊಡನೆ ಹತ್ತಿಕೊಂಡರೆ ಅದು ಉಕ್ಕಿದ್ದು. ಫ್ಲೋಟಿನ ಮಟ್ಟ, ಸೂಜಿ ವಾಲ್ವಿನ ಸವೆತ ನೋಡಿ. ಇವೆರಡೂ ಸರಿಯಿದ್ದೂ ತೀರಾ ಓರೆಯಲ್ಲಿ ಆಫ್ ಆಗುತ್ತದೆ ಎಂದರೆ ಆ ಕಾರ್ಬುರೇಟರಿನ ಜಾಯಮಾನವೇ ಅಷ್ಟು.

ಡೀಸೆಲ್: ಹೊರಗೆ ಒಣ, ಒಳಗೆ ಗಾಳಿ

ಹಳೆಯ ಡೀಸೆಲ್ ಎಂಜಿನ್ನಿಗೆ ಬೇಕಾದ್ದು ಸರಿಯಾದ ಡೀಸೆಲ್ ಮತ್ತು ಗಾಳಿ, ಎರಡೂ ತಂತಮ್ಮ ದಾರಿಯಲ್ಲಿ. ಡೀಸೆಲ್ ದಾರಿಗೆ ಗಾಳಿ ಹೊಕ್ಕರೆ ‘ಏರ್ ಹಿಡಿದಿದೆ’ ಎನ್ನುತ್ತೇವೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಹೀರುವ ಪೈಪು. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ‘ಎಲ್ಲೂ ಸೋರುತ್ತಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು. ಫಿಲ್ಟರಿಗೂ ಇಂಜೆಕ್ಷನ್ ಪಂಪಿಗೂ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡೊಂದನ್ನು ತಾತ್ಕಾಲಿಕವಾಗಿ ಜೋಡಿಸಿ. ಗುಳ್ಳೆಗಳು ಓಡುತ್ತಿದ್ದರೆ ಅಲ್ಲಿಂದ ಹಿಂದಕ್ಕೆ ಒಂದೊಂದೇ ಜಾಯಿಂಟ್ ನೋಡಿ. ಪೈಪಿನ ತುದಿ ಕೂಡಿಸುವ ಟೊಳ್ಳು ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರನ್ನು ಎರಡನೇ ಸಲ ಹಾಕಿದ್ದರೆ ಅದನ್ನೇ ಮೊದಲು ಬದಲಿಸಿ.

ಇನ್ನೂ ಅನುಮಾನವಿದ್ದರೆ, ಶುದ್ಧ ಡೀಸೆಲ್ ತುಂಬಿದ ಸಣ್ಣ ಕ್ಯಾನನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಪೈಪನ್ನು ನೇರ ಫಿಲ್ಟರಿಗೆ ಕೊಡಿ, ವಾಪಸಾತಿ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಏರ್ ತೆಗೆದು ಓಡಿಸಿ. ಈಗ ಆಫ್ ಆಗದಿದ್ದರೆ ತೊಂದರೆ ಟ್ಯಾಂಕಿನ ಕಡೆ. ಆಗಲೂ ಆಫ್ ಆದರೆ ಫಿಲ್ಟರ್, ಪಂಪಿನ ಕಡೆ. ಈ ಪರೀಕ್ಷೆ ಡೀಸೆಲ್ಲಿಗೆ ಮಾತ್ರ, ಪೆಟ್ರೋಲಿಗೆ ಖಂಡಿತ ಬೇಡ.

ಒಮ್ಮೆಲೇ ಆಫ್ ಆದ ಡೀಸೆಲ್ ಗಾಡಿಯಲ್ಲಿ ಪಂಪಿನ ಮೇಲಿನ, ಕರೆಂಟಿನಿಂದ ಡೀಸೆಲ್ ಬಿಡುವ ಮತ್ತು ತಡೆಯುವ ಸ್ಟಾಪ್ ಸೊಲೆನಾಯ್ಡ್ ನೋಡಿ. ಕೀ ತಿರುಗಿಸಿದಾಗ ‘ಟಕ್’ ಎನ್ನಬೇಕು. ವೈರ್ ಸಡಿಲವಾಗಿ ಕಂಪನಕ್ಕೆ ಕ್ಷಣ ಬಿಟ್ಟುಹೋದರೂ ಎಂಜಿನ್ ನಿಲ್ಲುತ್ತದೆ.

ಒಂದೇ ಬೇರು, ಎರಡು ಕಾಯಿಲೆ

ಆಫ್ ಆಗುವುದೂ ದ್ರವ ಕಡಿಮೆಯಾಗುವುದೂ ಒಟ್ಟಿಗೆ ಶುರುವಾಗಿದ್ದರೆ ಎರಡನ್ನೂ ಬೇರೆ ಬೇರೆ ರಿಪೇರಿಗೆ ಹಚ್ಚುವ ಮುನ್ನ ಈ ಮೂರು ಜಾಗ ನೋಡಲೇಬೇಕು.

ಬ್ರೇಕ್ ಒತ್ತಿದಾಗ ಎಂಜಿನ್ ನಡುಗಿ ಆಫ್ ಆಗುತ್ತದೆ, ಬ್ರೇಕ್ ದ್ರವ ಇಳಿಯುತ್ತಿದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸೋತು ದ್ರವ ಬೂಸ್ಟರಿನೊಳಗೆ ಇಳಿಯುತ್ತಿದೆ; ಪೆಟ್ರೋಲ್ ಎಂಜಿನ್ ಆದರೆ ನಿರ್ವಾತದ ಪೈಪಿನಿಂದ ಅದನ್ನು ಹೀರಿ ಬಿಳಿ ಹೊಗೆಯಾಗಿ ಉಗುಳುತ್ತದೆ. ಬೂಸ್ಟರಿನ ಡಯಾಫ್ರಂ ಹರಿದಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಎಂಜಿನ್ನಿಗೆ ಬೇಡದ ಗಾಳಿ ನುಗ್ಗುತ್ತದೆ. ಪರೀಕ್ಷೆ ಸುಲಭ: ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಕೊನೆಯ ಸಲ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ, ಅಥವಾ ‘ಸುಯ್’ ಶಬ್ದದೊಡನೆ ಎಂಜಿನ್ ತಡವರಿಸಿದರೆ, ಅದು ಸರಿಯಾಗುವವರೆಗೆ ಗಾಡಿ ರಸ್ತೆಗಿಳಿಯಬಾರದು.

ಎರಡನೆಯದು ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪೆಟ್ರೋಲ್ ಪಂಪು. ಡಯಾಫ್ರಂ ಹರಿದರೆ ಪೆಟ್ರೋಲ್ ಚೇಂಬರಿಗೆ ಇಳಿಯುತ್ತದೆ. ಕಾರ್ಬುರೇಟರಿಗೆ ಸಾಕಷ್ಟು ಸಿಗದೆ ಗಾಡಿ ಆಫ್. ಇತ್ತ ತೆಳ್ಳಗಾದ ಎಣ್ಣೆ ಹಳೆಯ ಸೀಲುಗಳಿಂದ ಸರಾಗ ಇಳಿಯುತ್ತದೆ. ಎಣ್ಣೆ ಮಟ್ಟ ಏರಿದೆಯೇ ನೋಡಿ ಎಂದದ್ದು ಇದಕ್ಕೇ. ಡಿಪ್‌ಸ್ಟಿಕ್ ಮೂಸಿ, ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ. ಆ ಎಣ್ಣೆ ಬೇರಿಂಗನ್ನು ಕಾಯುವುದಿಲ್ಲ. ಪಂಪ್, ಎಣ್ಣೆ, ಎಣ್ಣೆಯ ಫಿಲ್ಟರ್ ಮೂರೂ ಬದಲಾಗಬೇಕು. ಏರಿದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಅದು ಪೆಟ್ರೋಲ್ ಅಲ್ಲ, ನೀರು ಅಥವಾ ಕೂಲಂಟ್.

ಮೂರನೆಯದು ಎಂಜಿನ್ನಿನ ಸ್ವಂತ ಉಸಿರು, ಚೇಂಬರಿನ ಗಾಳಿಯನ್ನು ಎಂಜಿನ್ನಿಗೇ ಹೀರಲು ಬಿಡುವ ಪಿಸಿವಿ ವಾಲ್ವ್. ಹಳೆಯ ಕೆಲವು ಎಂಜಿನ್ನುಗಳಲ್ಲಿ ಬರೀ ಬ್ರೀದರ್ ಪೈಪು. ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಬೇಡದ ಗಾಳಿ ಹೊಕ್ಕು ಐಡ್ಲಿಂಗ್ ಸ್ಥಿರವಾಗಿ ನಿಲ್ಲುವುದಿಲ್ಲ. ಕಟ್ಟಿಕೊಂಡರೆ ಚೇಂಬರಿನ ಒತ್ತಡ ಏರಿ ಟ್ಯಾಪೆಟ್ ಕವರ್ (ಎಂಜಿನ್ ತಲೆಯ ಮುಚ್ಚಳ), ಮುಂದಿನ ಸೀಲ್, ಹಿಂದಿನ ಸೀಲ್ ಎಲ್ಲವೂ ಅಳತೊಡಗುತ್ತವೆ. ವಾಲ್ವ್ ಕಿತ್ತು ಅಲ್ಲಾಡಿಸಿದರೆ ಒಳಗೆ ಗಿಲಗಿಲ ಎನ್ನಬೇಕು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಅದರ ಬಾಯಿಗೆ ಬೆರಳಿಟ್ಟರೆ ಎಳೆತ ತಿಳಿಯಬೇಕು. ಇದೆಲ್ಲ ಸರಿಯಿದ್ದೂ, ಎಣ್ಣೆ ಹುಯ್ಯುವ ಮುಚ್ಚಳವನ್ನು ಬಿಚ್ಚಿ ಸುಮ್ಮನೆ ಮೇಲಿಟ್ಟರೆ ಅದು ಕುಣಿದು ಬೀಳುವಷ್ಟು ಗಾಳಿ ಬರುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿವೆ, ಕಂಪ್ರೆಷನ್ ನೋಡಿಸಿ. ಆಗ ಸೀಲ್ ಬದಲಿಸಿ ಫಲವಿಲ್ಲ.

ವ್ಯಾಕ್ಯೂಮ್ ಗೇಜ್ ಇದ್ದರೆ ಇದೆಲ್ಲ ಇನ್ನೂ ಸುಲಭ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಪೆಟ್ರೋಲ್ ಎಂಜಿನ್ ಐಡ್ಲಿಂಗಿನಲ್ಲಿ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ, ಮುಳ್ಳು ಅಲುಗುವುದಿಲ್ಲ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಿರಿ. ಮುಳ್ಳು ಸ್ಥಿರವಾಗಿದ್ದೂ ಕೆಳಗಿದ್ದರೆ ಗಾಳಿ ನುಗ್ಗುತ್ತಿದೆ ಅಥವಾ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದೆ. ಬೂಸ್ಟರಿನ ಪೈಪನ್ನೂ ಪಿಸಿವಿ ಪೈಪನ್ನೂ ಒಂದೊಂದಾಗಿ ಅದುಮಿ ಹಿಡಿಯಿರಿ. ಯಾವುದನ್ನು ಅದುಮಿದಾಗ ಮುಳ್ಳು ಮೇಲಕ್ಕೆ ನೆಗೆಯಿತೋ ಅಲ್ಲಿದೆ ತೂತು.

ಸೋರಿಕೆ: ತೊಳೆಯದೆ ಹುಡುಕಬೇಡಿ

ಹತ್ತು ವರ್ಷದ ಜಿಡ್ಡಿನ ಮೇಲೆ ಹೊಸ ಎಣ್ಣೆ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ಅಡಿಭಾಗವನ್ನು ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ, ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ. ಸೋರುವ ಗೆರೆ ಪೌಡರಿನ ಮೇಲೆ ಕಪ್ಪಗೆ ಮೂಡುತ್ತದೆ. ರಾತ್ರಿ ಗಾಡಿಯಡಿ ಅಗಲದ ರಟ್ಟು ಹಾಸಿ, ನಾಲ್ಕು ಚಕ್ರದ ಜಾಗ ಗುರುತು ಮಾಡಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ಹಾರುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗವಲ್ಲ, ಒದ್ದೆಯಾಗಿರುವ ಅತಿ ಮೇಲಿನ, ಅತಿ ಮುಂದಿನ ಜಾಗವೇ ಮೂಲ.

ಬೆರಳಿಗೆ ಹಚ್ಚಿ ನೋಡಿ, ಮೂಸಿ. ರುಚಿ ಮಾತ್ರ ನೋಡಬೇಡಿ. ಎಂಜಿನ್ ಎಣ್ಣೆ ಕಂದು ಅಥವಾ ಕಪ್ಪು. ಗೇರ್ ಎಣ್ಣೆ ಮಂದ, ಗಂಧಕದ ಕೆಟ್ಟ ವಾಸನೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಬ್ರೇಕ್ ದ್ರವ ತೆಳು, ಬಣ್ಣ ಬಳಿದ ಕಡೆ ಬಿದ್ದರೆ ಬಣ್ಣ ಏಳುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸಾಮಾನ್ಯವಾಗಿ ಕೆಂಪು. ಪವರ್ ಸ್ಟೀರಿಂಗಿಗೂ ಅನೇಕ ಗಾಡಿಗಳಲ್ಲಿ ಅದೇ. ಕೂಲಂಟ್ ಅಂಟಂಟು, ಸಿಹಿ ವಾಸನೆ. ಅದು ವಿಷ, ನಾಯಿ, ಬೆಕ್ಕು ನೆಕ್ಕುವ ಮುನ್ನ ಒರೆಸಿಬಿಡಿ. ನೀರಿನ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ಬರುತ್ತಿದ್ದರೆ ಒಳಗಿನ ಸೀಲ್ ಮುಗಿದಿದೆ ಎಂದು ಹೇಳಲೆಂದೇ ಆ ತೂತು ಇಟ್ಟಿದ್ದಾರೆ. ಮುಚ್ಚಬೇಡಿ, ಪಂಪ್ ಬದಲಿಸಿ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗ್ ಅಡಿಯಿಂದ ಹನಿ ಬಿದ್ದರೆ ‘ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಎಂಬ ತೀರ್ಪು ತಟ್ಟನೆ ಬರುತ್ತದೆ. ತಡೆಯಿರಿ. ಟ್ಯಾಪೆಟ್ ಕವರಿನ ಹಿಂತುದಿಯಿಂದ ಇಳಿದ ಎಣ್ಣೆಯೂ ಬ್ಲಾಕಿನ ಬೆನ್ನಿನ ಮೇಲೆ ಹರಿದು ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಕೈಯನ್ನು ಎಂಜಿನ್ನಿನ ಹಿಂಬದಿಗೆ ಹಾಕಿ ಸವರಿ. ಅಲ್ಲಿ ಒದ್ದೆಯಿದ್ದರೆ ಕವರ್ ಪ್ಯಾಕಿಂಗ್ ಮೊದಲು ಬದಲಿಸಿ. ಬೋಲ್ಟನ್ನು ಇನ್ನಷ್ಟು ಬಿಗಿದರೆ ಕಾರ್ಕ್ ಪ್ಯಾಕಿಂಗ್ ಒಡೆದು ತಗಡಿನ ಅಂಚು ಬಾಗುತ್ತದೆ, ಸೋರಿಕೆ ಹೆಚ್ಚುತ್ತದೆ. ಲ್ಯಾಂಡ್ ರೋವರ್‌ನ ಹಳೆಯ ಗಾಡಿಗಳಲ್ಲಿ ಈ ಹೌಸಿಂಗಿಗೆ ಅಡಿಯಲ್ಲೊಂದು ತೂತಿದ್ದು, ಆಳದ ನೀರು ದಾಟುವಾಗ ಮಾತ್ರ ಪ್ಲಗ್ ಹಾಕಬೇಕು. ದಾಟಿದ ಮೇಲೆ ತೆಗೆಯಲು ಮರೆತರೆ ಎಣ್ಣೆ ಒಳಗೇ ತುಂಬಿ ಕ್ಲಚ್ ಜಾರತೊಡಗುತ್ತದೆ.

ಮುಂದಿನ ಚಕ್ರದ ಒಳಬದಿಯಲ್ಲಿ, ತಿರುಗುವ ಗೆಣ್ಣಿನಿಂದ ಕಪ್ಪು ಗಂಜಿಯಂಥದು ಇಳಿಯುತ್ತಿದ್ದರೆ, ಗ್ರೀಸ್ ತುಂಬುವ ಗೆಣ್ಣಿನ ಗಾಡಿಗಳಲ್ಲಿ ಆಕ್ಸಲ್‌ನ ಒಳ ಸೀಲ್ ಸೋತು ಗೇರ್ ಎಣ್ಣೆ ಗ್ರೀಸಿನೊಡನೆ ಬೆರೆತಿದೆ. ಹೊರಗಿನ ಒರೆಸುವ ಸೀಲ್ ಬದಲಿಸಿ ಸುಮ್ಮನಾಗುವುದು ನೆಲ ಒರೆಸಿ ನಲ್ಲಿ ಬಿಟ್ಟಂತೆ. ಆದರೆ ಅದೇ ಜಾಗದಲ್ಲಿ ತೆಳು ದ್ರವ ಟೈರಿನ ಒಳಮೈಗೆ ಇಳಿದಿದ್ದರೆ ಅದು ವೀಲ್ ಸಿಲಿಂಡರಿನದು, ಆ ಗಾಡಿ ಅಲ್ಲೇ ನಿಲ್ಲಬೇಕು.

ಆಕ್ಸಲ್‌ಗೆ ಮತ್ತೆ ಬರುತ್ತೇನೆ. ಬ್ರೀದರ್ ಕಟ್ಟಿದರೆ ಎಣ್ಣೆ ಹೊರಬರುವುದು ಅರ್ಧ ಕತೆ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಅದೇ ಸೀಲಿನಿಂದ ನೀರನ್ನು ಒಳಗೆಳೆಯುತ್ತದೆ. ಹಳ್ಳ ದಾಟಿದ ಮಾರನೇ ದಿನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳಾಡಿಸಿ. ಎಣ್ಣೆ ಬೆಳ್ಳಗಾಗಿದ್ದರೆ ಪೂರ್ತಿ ಇಳಿಸಿ ಹೊಸದು ತುಂಬಿಸಿ. ಬ್ರೀದರಿಗೆ ರಬ್ಬರ್ ಪೈಪು ಜೋಡಿಸಿ ಬಾನೆಟ್‌ವರೆಗೆ ಏರಿಸಿಬಿಟ್ಟರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಬ್ರೀದರ್ ಶುದ್ಧವಿದ್ದೂ ಹೊಸ ಸೀಲ್ ಸೋರಿದರೆ, ಸೀಲಿನ ತುಟಿ ಕೂರುವ ಫ್ಲಾಂಜಿನ (ಶಾಫ್ಟ್ ಜೋಡಿಸುವ ತುದಿಯ) ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಫ್ಲಾಂಜ್ ಬದಲಿಸಬೇಕು, ಇಲ್ಲವೇ ತೆಳು ಉಕ್ಕಿನ ತೋಳು ತೊಡಿಸಬೇಕು.

ಗಾಡಿಯಡಿಗೆ ನುಸುಳುವ ಮುನ್ನ ಇದೊಂದು ತಿಳಿದಿರಲಿ. ಹಳೆಯ ಅನೇಕ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಕ್ಕಲ್ಲ, ಮುಂದಿನ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿಗಿರುತ್ತದೆ. ಒಂದು ಹಿಂಚಕ್ರವನ್ನು ಜಾಕಿನಲ್ಲಿ ಎತ್ತಿದೊಡನೆ ಡಿಫರೆನ್ಷಿಯಲ್ ತಿರುಗಲು ದಾರಿಯಾಗಿ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳಬಹುದು. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ, ಜಾಕಿನ ಮೇಲೆ ಭರವಸೆಯಿಡದೆ ಸ್ಟ್ಯಾಂಡ್ ಇಡಿ. ಆ ಹ್ಯಾಂಡ್‌ಬ್ರೇಕ್ ಇತ್ತೀಚೆಗೆ ಹಿಡಿಯುತ್ತಲೇ ಇಲ್ಲ ಎಂದರೆ ಕೇಬಲ್ ಬಿಗಿಯುವ ಮುನ್ನ ಅದರ ಡ್ರಂ ಬಿಚ್ಚಿ ನೋಡಿ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲಿನಿಂದ ಎಣ್ಣೆ ಇಳಿದು ಲೈನರ್ ನೆನೆದಿರಬಹುದು. ನೆನೆದ ಲೈನರ್ ತೊಳೆದರೆ ಮತ್ತೆ ಹಿಡಿಯುವುದಿಲ್ಲ. ಸೀಲಿನ ಜೊತೆಗೆ ಅದನ್ನೂ ಬದಲಿಸಿ, ಟ್ರಾನ್ಸ್‌ಫರ್ ಕೇಸಿನ ಬ್ರೀದರನ್ನೂ ಅದೇ ಹೊತ್ತಿಗೆ ಊದಿ ನೋಡಿ.